ನೋಯುವ ಮೈ, ನೀವುವ ಕೈ

ಕನ್ನಡದಲ್ಲಿ ಮೈನೋವಿಗೆ ಹೆಸರುಗಳು ಹಲವು. ಸೊಂಟ ‘ಹಿಡಿಯುತ್ತದೆ’, ಕತ್ತು ‘ಉಳುಕುತ್ತದೆ’, ಕಾಲು ‘ಸೆಳೆಯುತ್ತದೆ’, ಬೆನ್ನಲ್ಲಿ ‘ಚಳುಕು’ ಹೊಡೆಯುತ್ತದೆ, ಮೀನಖಂಡ ‘ಗಂಟು ಕಟ್ಟುತ್ತದೆ’. ಒಂದೊಂದೂ ಬೇರೆ ಬೇರೆ ಬಗೆಯ ನೋವು. ಇವುಗಳಿಗೆ ಎದುರಾಗಿ ಕೈ ಮಾಡುವ ಕೆಲಸಕ್ಕೂ ಅಷ್ಟೇ ಪದಗಳಿವೆ: ನೀವು, ಒತ್ತು, ಅದುಮು, ಹಿಸುಕು, ನಾದು, ಉಜ್ಜು, ತಿಕ್ಕು, ತಟ್ಟು, ತುಳಿ. ‘ಮಸಾಜ್’ ಎಂಬ ಒಂದೇ ಪದ ಪೇಟೆಯಿಂದ ಬಂದು ಇವೆಲ್ಲವನ್ನೂ ಮುಚ್ಚಿಹಾಕುವ ಮೊದಲು, ಯಾವ ನೋವಿಗೆ ಯಾವ ಕೈ ಎಂಬ ವಿವೇಕವನ್ನು ಈ ಪದಗಳೇ ಕಾಪಾಡಿಕೊಂಡು ಬಂದಿದ್ದವು.

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಅಜ್ಜೀಪುರದಂಥ ಊರುಗಳಲ್ಲಿ ಈ ಪದಗಳಿಗೆ ಬಿಡುವಿಲ್ಲ. ಮಳೆಯನ್ನು ನಂಬಿದ ಬೇಸಾಯ, ಬಗ್ಗಿ ಕಳೆ ಕೀಳುವ ಕೆಲಸ, ತಲೆಹೊರೆಯ ಕೆಲಸ. ಪಕ್ಕದ ಕೊಳ್ಳೇಗಾಲ ರೇಷ್ಮೆ ನೇಯ್ಗೆಗೆ ಹೆಸರಾದದ್ದು; ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಇಡೀ ದಿನ ಕೂತವರ ಬೆನ್ನಿನ ಕಥೆ ಬೇರೆಯೇ. ಇದರ ಮೇಲೆ ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಮಲೆಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರ ಸಾಲು. ಕೊಳ್ಳೇಗಾಲ, ಹನೂರು, ಕೌದಳ್ಳಿಗಳನ್ನು ಹಾದು ತಾಳುಬೆಟ್ಟದಲ್ಲಿ ಏರು ಹಿಡಿಯುವ ಹೊತ್ತಿಗೆ ಕಾಲುಗಳು ಮಾತು ಕೇಳುವುದಿಲ್ಲ. ದಾರಿಬದಿಯಲ್ಲಿ ಕೂತು ಒಬ್ಬರ ಕಾಲನ್ನು ಒಬ್ಬರು ಒತ್ತುವ ನೋಟ ಆ ದಿನಗಳಲ್ಲಿ ಅಪರೂಪವಲ್ಲ.

ಹೀಗೆ ಒತ್ತುವುದರಿಂದ ನಿಜವಾಗಿ ಆಗುವ ಉಪಕಾರವೇನು? ಅದು ಹೇಗೆ ಆಗುತ್ತದೆ? ಕೈ ಎಲ್ಲಿ ನಿಲ್ಲಬೇಕು? ಈ ಮೂರು ಪ್ರಶ್ನೆಗಳಲ್ಲಿ ಮೊದಲೆರಡಕ್ಕೆ ಉತ್ತರ ಈಚಿನ ವರ್ಷಗಳಲ್ಲಿ ಸಾಕಷ್ಟು ತಿಳಿಯಾಗಿದೆ. ಮೂರನೆಯದನ್ನು ಹಿಂದಿನವರು ತಮ್ಮದೇ ರೀತಿಯಲ್ಲಿ ತಿಳಿದಿದ್ದರು. ನಾವು ಮರೆಯುತ್ತಿರುವುದು ಅದನ್ನೇ.

ದೇವರಿಗೂ ಎಣ್ಣೆಮಜ್ಜನ

ಮಾದಪ್ಪನ ಬೆಟ್ಟದ ಜಾತ್ರೆಗಳಲ್ಲಿ ಸ್ವಾಮಿಗೆ ನಡೆಯುವ ಮುಖ್ಯ ಸೇವೆಗಳಲ್ಲೊಂದು ಎಣ್ಣೆಮಜ್ಜನ. ಬೇಡಗಂಪಣ ಅರ್ಚಕರು ನಡೆಸುವ ಈ ಸೇವೆಯನ್ನು ನೋಡಲು ಭಕ್ತರು ಕಿಕ್ಕಿರಿಯುತ್ತಾರೆ. ಕಾಡುಮೇಡು ಅಲೆದು ದಣಿದ ಜಂಗಮನನ್ನು ಜನಪದ ತನ್ನ ಮನೆಯ ಹಿರಿಯನನ್ನು ಉಪಚರಿಸುವಂತೆಯೇ ಉಪಚರಿಸುತ್ತದೆ ಎನ್ನಬಹುದು. ಮನೆಗಳಲ್ಲೂ ಹಾಗೆಯೇ. ದೀಪಾವಳಿಗೆ ಮುಂಚಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಗೆ ಸುಣ್ಣ-ಕೆಮ್ಮಣ್ಣಿನ ಗೆರೆ ಎಳೆದು ನೀರು ತುಂಬಿಸಿಟ್ಟರೆ, ನರಕ ಚತುರ್ದಶಿಯ ನಸುಕಿಗೆ ಮನೆಮಂದಿಗೆಲ್ಲ ಎಣ್ಣೆನೀರು. ಯುಗಾದಿಗೂ ಅದೇ ಕ್ರಮ. ‘ಎಣ್ಣೆ ತಿಕ್ಕಿಸಿಕೊಂಡು ನೀರುಯ್ದುಕೊಳ್ಳುವುದು’ ಎಂಬುದು ಈ ಸೀಮೆಯ ಮಾತು. ಹಬ್ಬದ ನೆಪದಲ್ಲಿ ವರ್ಷಕ್ಕೆ ಕೆಲವು ಸಲವಾದರೂ ದುಡಿಯುವ ಮೈಗೆ ಇನ್ನೊಬ್ಬರ ಕೈ ಸೋಕುವಂತೆ ಮಾಡಿದ ಏರ್ಪಾಡು ಇದು.

ಇಲ್ಲಿ ಎಣ್ಣೆಯ ಕೆಲಸ ಸರಳವಾದದ್ದು. ಚರ್ಮದ ಮೇಲೆ ಕೈ ಸಲೀಸಾಗಿ ಜಾರಲು ಅದು ಅನುವು ಮಾಡಿಕೊಡುತ್ತದೆ, ಚರ್ಮದ ತೇವ ಆರಿಹೋಗದಂತೆ ತಡೆಯುತ್ತದೆ. ಬಳಿಕ ಹುಯ್ಯುವ ಬಿಸಿನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ. ಎಣ್ಣೆ ಎಲುಬಿನೊಳಕ್ಕೆ ಇಳಿದು ನೋವನ್ನು ಹೀರುತ್ತದೆ ಎಂಬುದು ಬಾಯಿಮಾತು; ಕೆಲಸದ ಹೆಚ್ಚು ಪಾಲು ಕೈಯದು, ಕಾವಿನದು.

ಗ್ರಂಥಗಳಲ್ಲಿ, ಅರಮನೆಗಳಲ್ಲಿ

ಚರಕಸಂಹಿತೆ ಅಭ್ಯಂಗವನ್ನು ವಿವರಿಸುವಾಗ ಮನೆಬಳಕೆಯ ಮೂರು ಹೋಲಿಕೆಗಳನ್ನು ಕೊಡುತ್ತದೆ: ಎಣ್ಣೆ ಸವರಿದ ಮಡಕೆ, ಎಣ್ಣೆ ತಿಕ್ಕಿದ ತೊಗಲು, ಕೀಲೆಣ್ಣೆ ಹಾಕಿದ ಬಂಡಿಯ ಅಚ್ಚು. ಇವು ಹೇಗೆ ಗಟ್ಟಿಯಾಗಿ ಬಾಳುತ್ತವೆಯೋ ದೇಹವೂ ಹಾಗೆ ಎಂಬುದು ಅದರ ತಾತ್ಪರ್ಯ. ವಾಗ್ಭಟನ ಅಷ್ಟಾಂಗಹೃದಯವು ದಿನಚರಿಯ ಅಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯದ ಕೆಲಸವೆಂದು ಎಣಿಸಿ, ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನ ಕೊಡಬೇಕೆನ್ನುತ್ತದೆ. ಆದರೆ ಅದೇ ಉಸಿರಿನಲ್ಲಿ ಯಾರಿಗೆ ಅಭ್ಯಂಗ ಕೂಡದು ಎಂಬುದನ್ನೂ ಹೇಳುತ್ತದೆ: ಕಫ ಕೆರಳಿದವರಿಗೆ, ಆಗಷ್ಟೇ ವಮನ-ವಿರೇಚನಗಳಂಥ ಶೋಧನೆ ಆದವರಿಗೆ, ಅಜೀರ್ಣವಿರುವವರಿಗೆ. ಆ ಕಾಲದ ವೈದ್ಯದ ಲೆಕ್ಕಾಚಾರವನ್ನು ಇಂದು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಮಾಡಬೇಕಾದದ್ದರ ಜೊತೆಯಲ್ಲೇ ಮಾಡಬಾರದ್ದನ್ನೂ ಬರೆದ ಕ್ರಮ ಗಮನಿಸಬೇಕಾದದ್ದು.

ಕನ್ನಡ ನಾಡಿನ ಅರಮನೆಗಳೂ ಈ ವಿದ್ಯೆಗೆ ಜಾಗ ಕೊಟ್ಟಿದ್ದವು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ನೆಲೆಯಾಗಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ರಾಜನ ಇಪ್ಪತ್ತು ಉಪಭೋಗಗಳನ್ನು ಪಟ್ಟಿಮಾಡುತ್ತದೆ. ಅದರಲ್ಲಿ ಸ್ನಾನ ಒಂದು ಉಪಭೋಗವಾದರೆ, ಪಾದಾಭ್ಯಂಗ, ಅಂದರೆ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದು, ಮತ್ತೊಂದು. ಊಟ, ಉಡುಪು, ಹಾಸಿಗೆ, ವಾಹನಗಳ ಸಾಲಿನಲ್ಲಿ ಪಾದಕ್ಕೇ ಒಂದು ಪ್ರತ್ಯೇಕ ಸ್ಥಾನ.

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಬೆಳಗಿನ ಕ್ರಮವನ್ನು ಬರೆದಿಟ್ಟಿದ್ದಾನೆ. ರಾಯ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ದುಡಿದು, ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿಯಾಡಿ, ಆಮೇಲೆ ಕುದುರೆ ಏರುತ್ತಿದ್ದನಂತೆ. ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದ ಮೂಲಕ ಈ ವರ್ಣನೆ ನಮ್ಮಲ್ಲಿ ಪ್ರಸಿದ್ಧವಾಯಿತು. ಎಣ್ಣೆ ಮತ್ತು ಕುಸ್ತಿಯ ಈ ನಂಟು ಮೈಸೂರಿನ ಗರಡಿಮನೆಗಳಲ್ಲಿ ಮುಂದುವರಿಯಿತು. ದಸರೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಸುವ ಜಟ್ಟಿಗಳು ಜಾರಿದ ಕೀಲು ಕೂರಿಸುವುದರಲ್ಲೂ ಹೆಸರು ಮಾಡಿದವರು. ಮೈ ಮುರಿಯುವ ಪಟ್ಟುಗಳನ್ನು ಬಲ್ಲವರಿಗೇ ಮೈ ಸರಿಪಡಿಸುವ ಪಟ್ಟುಗಳೂ ಗೊತ್ತಿದ್ದುದು ಸಹಜ.

ಐದು ಬಗೆಯ ಕೈ

ಯೂರೋಪಿನಲ್ಲಿ ಅಂಗಮರ್ದನಕ್ಕೆ ವ್ಯವಸ್ಥಿತ ರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆಯನ್ನು ತೆರೆದ. ಬಳಿಕ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್ ಕೈಚಲನೆಗಳನ್ನು ಫ್ರೆಂಚ್ ಹೆಸರುಗಳ ಅಡಿಯಲ್ಲಿ ವಿಂಗಡಿಸಿದ. ಇಂದು ಜಗತ್ತಿನ ತರಗತಿಗಳಲ್ಲಿ ಕಲಿಸುವ ಐದು ಮುಖ್ಯ ಚಲನೆಗಳು ಆ ಪರಂಪರೆಯವು. ಆ ಐದಕ್ಕೂ ಕನ್ನಡದಲ್ಲಿ ಹೆಸರುಗಳು ಮೊದಲೇ ಇವೆ.

ಮೊದಲನೆಯದು ನೀವುವುದು: ಅಂಗೈಯನ್ನು ಪೂರ್ತಿ ಊರಿ, ಉದ್ದಕ್ಕೆ, ನಿಧಾನವಾಗಿ ಜಾರಿಸುವುದು. ಕೆಲಸದ ಆರಂಭವೂ ಮುಕ್ತಾಯವೂ ಇದರಿಂದಲೇ. ಬಿಗಿ ಎಲ್ಲಿದೆ ಎಂಬುದನ್ನು ಕೈ ಓದಿಕೊಳ್ಳುವುದೂ ಆಗಲೇ. ಎರಡನೆಯದು ನಾದುವುದು: ರೊಟ್ಟಿಯ ಹಿಟ್ಟಿನಂತೆ ಮಾಂಸಖಂಡವನ್ನು ಹಿಡಿದೆತ್ತಿ ಹಿಸುಕಿ ಬಿಡುವುದು. ತೊಡೆ, ಮೀನಖಂಡ, ಹೆಗಲಿನಂಥ ತುಂಬಿದ ಜಾಗಗಳಿಗೆ ಇದು ತಕ್ಕದ್ದು. ಮೂರನೆಯದು ಉಜ್ಜುವುದು: ಹೆಬ್ಬೆರಳನ್ನೋ ಬೆರಳ ತುದಿಯನ್ನೋ ಒಂದೇ ಕಡೆ ಊರಿ ಸಣ್ಣ ಸುತ್ತುಗಳಲ್ಲಿ ತಿಕ್ಕುವುದು, ಗಂಟು ಕಟ್ಟಿದ ಕಡೆಗೆ. ನಾಲ್ಕನೆಯದು ತಟ್ಟುವುದು: ಅಂಗೈಯನ್ನು ಬೊಗಸೆಯಂತೆ ಮಾಡಿ ಅಥವಾ ಅದರ ಅಂಚಿನಿಂದ ಲಯವಾಗಿ ಬಡಿಯುವುದು; ಕ್ಷೌರದಂಗಡಿಯಲ್ಲಿ ಕೂತವರಿಗೆಲ್ಲ ಇದರ ಸದ್ದು ಗೊತ್ತು. ಐದನೆಯದು ಅಲುಗಿಸುವುದು: ಕೈಕಾಲನ್ನು ಹಿಡಿದು ಹಗುರಾಗಿ ನಡುಗಿಸುವುದು.

ಇವುಗಳ ಜೊತೆಗೆ ನಮ್ಮಲ್ಲಿ ಇನ್ನೆರಡು ಉಂಟು. ಒಂದು ಒತ್ತುವುದು, ಎಣ್ಣೆಯಿಲ್ಲದೆ, ಬಟ್ಟೆಯ ಮೇಲೆಯೇ, ಅಂಗೈಯ ಭಾರವನ್ನು ಇಳಿಸಿ ಎತ್ತುವುದು. ಮೊಮ್ಮಕ್ಕಳು ಅಜ್ಜಿಯ ಕಾಲಿಗೆ ಮಾಡುವುದು ಇದೇ. ಇನ್ನೊಂದು ತುಳಿಯುವುದು, ಬೋರಲು ಮಲಗಿದ ಅಜ್ಜನ ಬೆನ್ನ ಮೇಲೆ ಪುಟ್ಟ ಮಕ್ಕಳನ್ನು ನಡೆಸುವುದು. ಮಗು ಹಗುರಾಗಿರುವವರೆಗೆ ಇದು ಸುಖ. ಮಗು ಬೆಳೆದ ಮೇಲೂ, ಅಜ್ಜನ ಮೂಳೆ ಸವೆದ ಮೇಲೂ ಮುಂದುವರಿಸಿದರೆ ಅಪಾಯ. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ಹಿಡಿತ ಬಿಡುತ್ತದೆ ಎಂಬ ನಂಬಿಕೆಯೂ ನಮ್ಮ ಹಳ್ಳಿಗಳಲ್ಲಿದೆ. ಹುಟ್ಟಿದ ರೀತಿಗೂ ನೋವಿಗೂ ಸಂಬಂಧವಿಲ್ಲ. ಒದೆತ ಮಾತ್ರ ನಿಜವಾದದ್ದು, ಅದರಿಂದ ಕೆಡುಕೇ ಆಗಬಹುದು.

ಪದಗಳ ಪ್ರಯಾಣವೂ ಸ್ವಾರಸ್ಯದ್ದು. ‘ಮಾಲೀಷು’ ಪಾರಸಿಯಿಂದ ಬಂತು. ತಲೆಗೆ ಹಾಕುವ ‘ಶಾಂಪೂ’ ಮಾತ್ರ ಇಲ್ಲಿಂದಲೇ ಹೋಗಿ ವೇಷ ಬದಲಿಸಿ ಮರಳಿದ್ದು. ಒತ್ತು, ಅದುಮು ಎಂಬರ್ಥದ ಹಿಂದಿಯ ‘ಚಾಂಪೊ’ ಅದರ ಮೂಲ. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಮನೆ ನಡೆಸಿ, 1822ರಲ್ಲಿ ಅದರ ಮೇಲೆ ಪುಸ್ತಕ ಬರೆದು, ನಾಲ್ಕನೆಯ ಜಾರ್ಜ್ ದೊರೆಯ ‘ಶಾಂಪೂಯಿಂಗ್ ಸರ್ಜನ್’ ಎನಿಸಿಕೊಂಡ. ಆಗ ಆ ಪದಕ್ಕಿದ್ದ ಅರ್ಥ ಮೈ ಒತ್ತುವುದು. ತಲೆ ತೊಳೆಯುವ ಅರ್ಥ ಆಮೇಲಿನದು.

ನೋವು ಏಕೆ ಇಳಿಯುತ್ತದೆ?

ಮೊಣಕಾಲು ತಗುಲಿಸಿಕೊಂಡ ಮಗು ಮೊದಲು ಮಾಡುವ ಕೆಲಸ ಆ ಜಾಗವನ್ನು ಉಜ್ಜಿಕೊಳ್ಳುವುದು. ಇದರ ಹಿಂದಿನ ಕಾರಣವನ್ನು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ‘ಬಾಗಿಲಿನ ಸಿದ್ಧಾಂತ’ವಾಗಿ ಮಂಡಿಸಿದರು. ನೋವಿನ ಸುದ್ದಿಯನ್ನು ಹೊರುವುದು ಬಹುಪಾಲು ತೆಳುವಾದ ನರತಂತುಗಳು. ಅವುಗಳಲ್ಲಿ ಅತಿ ತೆಳುವಾದವುಗಳ ವೇಗ ಸೆಕೆಂಡಿಗೆ ಒಂದೆರಡು ಮೀಟರು, ಹೆಚ್ಚುಕಡಿಮೆ ನಾವು ನಡೆಯುವ ವೇಗ. ಸ್ಪರ್ಶ ಮತ್ತು ಒತ್ತಡದ ಸುದ್ದಿಯನ್ನು ಹೊರುವ ದಪ್ಪ ತಂತುಗಳು ಅದಕ್ಕಿಂತ ಹಲವು ಪಟ್ಟು ಚುರುಕು. ಎರಡೂ ಬೆನ್ನುಹುರಿಯಲ್ಲಿ ಸೇರುವಲ್ಲಿ ಒಂದು ಬಾಗಿಲಿದೆ ಎಂದುಕೊಳ್ಳಿ. ಉಜ್ಜಿದಾಗ ಸ್ಪರ್ಶದ ಸುದ್ದಿ ನುಗ್ಗಿ, ನೋವಿನ ಸುದ್ದಿಗೆ ಬಾಗಿಲನ್ನು ಅರ್ಧ ಮುಚ್ಚಿಬಿಡುತ್ತದೆ. ಮೂಲ ಸಿದ್ಧಾಂತದ ವಿವರಗಳು ಆಮೇಲೆ ಬಹಳ ತಿದ್ದುಪಡಿಯಾಗಿವೆ. ಆದರೆ ನೋವು ಬೆನ್ನುಹುರಿಯಲ್ಲೇ ಏರಿಳಿತಕ್ಕೆ ಒಳಗಾಗುತ್ತದೆ ಎಂಬ ಮುಖ್ಯ ಅಂಶ ಉಳಿದಿದೆ.

ಇದಲ್ಲದೆ, ಕೂದಲಿರುವ ಚರ್ಮದಲ್ಲಿ ಮೃದುವಾದ ನೀವುವಿಕೆಗೆಂದೇ ಮಿಡಿಯುವ ಇನ್ನೊಂದು ಬಗೆಯ ನಿಧಾನದ ತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಕೈ ಜಾರಿದಾಗ ಇವು ಅತಿ ಹೆಚ್ಚು ಮಿಡಿಯುತ್ತವೆ ಎಂದು 2009ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ತಾಯಿ ಮಗುವಿನ ಬೆನ್ನು ಸವರುವ ವೇಗ ಹೆಚ್ಚುಕಡಿಮೆ ಅದೇ. ಒತ್ತಡವನ್ನು ಗ್ರಹಿಸುವ ಅಣುಗಳನ್ನು ಗುರುತಿಸಿದ್ದಕ್ಕಾಗಿ ಆರ್ಡೆಮ್ ಪಟಪೂಟಿಯನ್ ಅವರು, ಶಾಖದ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರೊಂದಿಗೆ 2021ರ ವೈದ್ಯಕೀಯ ನೊಬೆಲ್ ಪಾರಿತೋಷಕ ಹಂಚಿಕೊಂಡರು. ಕೈ ಮತ್ತು ಕಾವು ಎಂಬ ಅಜ್ಜಿಯರ ಎರಡು ಉಪಕರಣಗಳಿಗೂ ಒಂದೇ ವರ್ಷ ಮನ್ನಣೆ ಸಿಕ್ಕಂತಾಯಿತು!

ಬೆಟ್ಟ ಹತ್ತಿದ ಕಾಲಿನ ನೋವಿಗೆ ‘ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ, ತಿಕ್ಕಿದರೆ ಹೋಗುತ್ತದೆ’ ಎಂಬ ವಿವರಣೆ ಪ್ರಚಾರದಲ್ಲಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 11 ಮಂದಿ ಯುವಕರ ಸ್ನಾಯುಗಳ ತುಣುಕು ತೆಗೆದು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರ್ದನದಿಂದ ಉರಿಯೂತದ ಸೂಚನೆಗಳು ತಗ್ಗಿದ್ದು ಕಂಡಿತು. ಲ್ಯಾಕ್ಟಿಕ್ ಆಮ್ಲದ ಮಟ್ಟದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಉಪಕಾರ ಇದೆ, ಹೇಳುವ ಕಾರಣ ಸರಿಯಿಲ್ಲ.

ಉಪಕಾರದ ಮಿತಿಯೂ ತಿಳಿದಿದೆ. ಹಳೆಯ ಸೊಂಟನೋವಿನ 401 ಮಂದಿಯನ್ನು ಅಮೆರಿಕದ ಸಿಯಾಟಲ್‌ನಲ್ಲಿ ಮೂರು ಗುಂಪು ಮಾಡಿ ನೋಡಿದ ಅಧ್ಯಯನ 2011ರಲ್ಲಿ ಹೊರಬಂತು. ಒಂದು ಗುಂಪಿಗೆ ಮೈ ಸಡಿಲಿಸುವ ಸಾಮಾನ್ಯ ಮರ್ದನ, ಇನ್ನೊಂದಕ್ಕೆ ಆಯ್ದ ಸ್ನಾಯುಗಳನ್ನು ಗುರಿಯಾಗಿಸಿದ ಮರ್ದನ, ಮೂರನೆಯದಕ್ಕೆ ಎಂದಿನ ವೈದ್ಯೋಪಚಾರ ಮಾತ್ರ. ಹತ್ತು ವಾರಗಳಲ್ಲಿ ಮರ್ದನದ ಎರಡೂ ಗುಂಪುಗಳು ಹೆಚ್ಚು ಸುಧಾರಿಸಿದವು. ಅವೆರಡರ ನಡುವೆ ಹೇಳಿಕೊಳ್ಳುವ ಅಂತರವಿರಲಿಲ್ಲ. ವರ್ಷ ಕಳೆಯುವ ಹೊತ್ತಿಗೆ ಲಾಭ ಬಹುಮಟ್ಟಿಗೆ ಕರಗಿತ್ತು. ಕೈ ನೋವನ್ನು ಇಳಿಸುತ್ತದೆ, ಬೇರನ್ನು ಕೀಳುವುದಿಲ್ಲ ಎಂದು ಇದರಿಂದ ತಿಳಿಯಬೇಕು. ಆದರೆ ನಾಳೆ ಮತ್ತೆ ಹೊಲಕ್ಕೋ ಮಗ್ಗಕ್ಕೋ ಇಳಿಯಬೇಕಾದವರಿಗೆ ಕೆಲವು ದಿನದ ನೆಮ್ಮದಿಯೂ ಸಣ್ಣದಲ್ಲ.

ಬಾಣಂತಿ, ಮಗು

ಈ ವಿದ್ಯೆ ಇಂದಿಗೂ ಜೀವಂತವಾಗಿರುವುದು ಬಾಣಂತನದ ಕೋಣೆಯಲ್ಲಿ. ಕಾಲು ನೀಡಿ ಕೂತ ಅಜ್ಜಿ, ಅವಳ ಕಾಲುಗಳ ನಡುವಿನ ತಗ್ಗಿನಲ್ಲಿ ಮಗು, ಪಕ್ಕದಲ್ಲಿ ಎಣ್ಣೆ ಬಟ್ಟಲು, ಒಲೆಯ ಮೇಲೆ ಹಂಡೆ. ಈ ಎರೆಯುವ ಕ್ರಮಕ್ಕೆ ಪುಷ್ಟಿ ಕೊಟ್ಟದ್ದು ಅಮೆರಿಕದ ಮಯಾಮಿಯಲ್ಲಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಹತ್ತು ದಿನ, ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ 15 ನಿಮಿಷ ಮೈ ನೀವಿ ಕೈಕಾಲು ಆಡಿಸಿದಾಗ, ಉಳಿದ ಕೂಸುಗಳಿಗಿಂತ ಅವು ದಿನಕ್ಕೆ ಶೇಕಡ 47ರಷ್ಟು ಹೆಚ್ಚು ತೂಕ ಗಳಿಸಿದವು. ಢಾಕಾದ ಮಕ್ಕಳ ಆಸ್ಪತ್ರೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಕೂಸುಗಳ ಚರ್ಮಕ್ಕೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಸೋಂಕುಗಳು ಕಡಿಮೆಯಾದದ್ದು ಕಂಡಿತು.

ಆದರೆ ಇದೇ ಕೋಣೆಯ ಕೆಲವು ರೂಢಿಗಳನ್ನು ಕೈಬಿಡಲೇಬೇಕು. ಮೂಗು, ಕಿವಿಗೆ ಎಣ್ಣೆ ಬಿಡಬಾರದು; ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶ ಸೇರಿ ಜ್ವರ-ಕೆಮ್ಮಿಗೆ ಕಾರಣವಾಗುವುದುಂಟು. ತಲೆಯನ್ನು ‘ದುಂಡಗೆ’ ಮಾಡಲೆಂದು ಅದುಮುವುದು, ಕೂಸಿನ ಎದೆಯಿಂದ ಹಾಲು ಹಿಂಡುವುದು, ಕಾಲು ಹಿಡಿದು ತಲೆಕೆಳಗಾಗಿಸುವುದು ಇವೆಲ್ಲ ಕೂಡದು. ಸಿಜೇರಿಯನ್ ಆದ ಬಾಣಂತಿಯ ಹೊಟ್ಟೆಗೆ, ಹೊಲಿಗೆ ಪೂರ್ತಿ ಮಾಯುವವರೆಗೆ, ವೈದ್ಯರನ್ನು ಕೇಳದೆ ಕೈ ಹಾಕಬಾರದು.

ಕೈ ನಿಲ್ಲಬೇಕಾದ ಕಡೆ

ಇಲ್ಲಿಗೆ ಮೂರನೆಯ ಪ್ರಶ್ನೆಗೆ ಬಂದೆವು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದು ಬರೀ ಸೆಳೆತ ಆಗಿರಲಿಕ್ಕಿಲ್ಲ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಹಿಸುಕಿದರೆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ ತಂದೀತು. ಬಿದ್ದ ಮೇಲೆ ಊರಲಾಗದ ಕಾಲು, ಸೊಟ್ಟಗಾದ ಕೈ ಮುರಿದಿರಬಹುದು. ಮೊದಲು ಎಕ್ಸ್‌ರೇ, ಆಮೇಲೆ ಉಳಿದದ್ದು. ಉತ್ತರ ಕರ್ನಾಟಕದಲ್ಲಿ ‘ಬಟ್ಟಿ ಬಿದ್ದಿದೆ’ ಎಂದು ಹೊಟ್ಟೆ ತಿಕ್ಕಿಸುವ ರೂಢಿಯಿದೆ. ಹೊಟ್ಟೆನೋವು ಅಪೆಂಡಿಸೈಟಿಸ್‌ನಿಂದ ಬಂದದ್ದಾದರೆ ಈ ತಿಕ್ಕುವಿಕೆಯಲ್ಲಿ ಕಳೆಯುವ ಒಂದೊಂದು ಗಂಟೆಯೂ ನಷ್ಟ. ಜ್ವರದೊಂದಿಗೆ ಬಂದ ಬೆನ್ನುನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು, ತೂಕ ಇಳಿಯುತ್ತಿರುವವರ ನೋವು, ಕಾಲು ಮರಗಟ್ಟಿ ಮೂತ್ರ ಹತೋಟಿ ತಪ್ಪಿದ ನೋವು, ಇವು ಆಸ್ಪತ್ರೆಗೆ ಹೋಗಬೇಕಾದವು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿನೀರಿನ ಕಾವು ಸುಟ್ಟರೂ ತಿಳಿಯುವುದಿಲ್ಲ.

ಎಲ್ಲಕ್ಕಿಂತ ಸಾಮಾನ್ಯವಾದ ಅಪಾಯ ಕತ್ತಿನದು. ಕ್ಷೌರದ ಕೊನೆಯಲ್ಲಿ ತಲೆ ಹಿಡಿದು ಗಕ್ಕನೆ ತಿರುಗಿಸಿ ‘ನೆಟಿಗೆ’ ತೆಗೆಯುವುದು ಅನೇಕರಿಗೆ ಪ್ರಿಯ. ಕತ್ತಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಈ ಹಠಾತ್ ತಿರುವಿನಲ್ಲಿ ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಬಡಿಯಬಹುದು. ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ಆಗಿ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ತಲೆಗೆ ಎಣ್ಣೆ ತಟ್ಟಿಸಿಕೊಳ್ಳಲು ಅಡ್ಡಿಯಿಲ್ಲ. ಕತ್ತು ತಿರುಗಿಸುವ ಮುನ್ನ ‘ಬೇಡಪ್ಪ, ಸಾಕು’ ಎನ್ನುವುದು ಕಲಿಯಬೇಕಾದ ಮಾತು.

ಯಾರ ಕೈ?

ಮೈ ಒತ್ತಿಸಿಕೊಳ್ಳುವುದನ್ನು ಸುಖವೆಂದು ಎಣಿಸಿದ ಸಮಾಜ ಒತ್ತುವವರನ್ನು ಅಷ್ಟೇ ಗೌರವದಿಂದ ಕಾಣಲಿಲ್ಲ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಸಂವಾಹಕನೆಂಬ ಪಾತ್ರವಿದೆ; ಮೈ ಒತ್ತುವುದು ಅವನ ವೃತ್ತಿ, ಅದೇ ಅವನ ಹೆಸರೂ ಹೌದು. ಕಲೆಯೆಂದು ಕಲಿತದ್ದು ಹೊಟ್ಟೆಪಾಡಾಯಿತು ಎಂದು ಅವನು ವಸಂತಸೇನೆಯ ಮುಂದೆ ಹೇಳಿಕೊಳ್ಳುತ್ತಾನೆ. ನಮ್ಮ ಹಳ್ಳಿಗಳಲ್ಲೂ ಈ ಕೆಲಸ ಕ್ಷೌರಿಕರ ಮತ್ತು ಸೂಲಗಿತ್ತಿಯರ ಪಾಲಿಗೆ ಬಂತು. ಕೂಲಿ ಒಂದು ಸೇರು ರಾಗಿಯೋ ಹಳೆಯ ಸೀರೆಯೋ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಆ ಕೈಗಳಿಗೆ ಮನ್ನಣೆ ಸಿಕ್ಕಿತೆಂದು ನಾಡು ಸಂತೋಷಪಟ್ಟಿತು. ಆದರೆ ಬಾಣಂತಿಯರ ಬೆನ್ನು ನೀವಿ, ಕೂಸುಗಳಿಗೆ ಎರೆದು, ಹೆಸರಿಲ್ಲದೆ ಹೋದ ಹೆಂಗಸರ ಲೆಕ್ಕ ಇಟ್ಟವರಿಲ್ಲ.

ಇನ್ನೊಂದು ಕಡೆ, ಈ ವಿದ್ಯೆಗೆ ಶಾಲೆಗಳೂ ಹುಟ್ಟಿದವು. ಮೈಸೂರಿನಲ್ಲಿ ಆಯುರ್ವೇದ ಪಾಠಶಾಲೆ 1908ರಲ್ಲಿ ಆರಂಭವಾಯಿತು; ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜು 1989ರಲ್ಲಿ ತೆರೆಯಿತು. ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗಗಳಿವೆ. ನಗರಗಳಲ್ಲಿ ತಾಸಿಗೆ ಸಾವಿರಾರು ರೂಪಾಯಿ ಕೊಟ್ಟು ಮೈ ನೀವಿಸಿಕೊಳ್ಳುವ ತಾಣಗಳಿವೆ. ಅಜ್ಜೀಪುರದ ಕೂಲಿಯವನಿಗೆ, ನೇಕಾರನಿಗೆ ಈ ಯಾವುವೂ ಸುಲಭವಾಗಿ ಎಟುಕುವುದಿಲ್ಲ. ಅವನಿಗೆ ಸಿಗುವುದು ಮನೆಯವರ ಕೈ, ಇಲ್ಲವೇ ಊರಿನಲ್ಲಿ ಉಳುಕು ತೆಗೆಯುವವರ ಕೈ. ಆದ್ದರಿಂದ ಆ ಕೈಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದರಿಂದಲೂ ಪ್ರಯೋಜನವಿಲ್ಲ, ಪುರಾತನ ವಿಜ್ಞಾನವೆಂದು ಕೊಂಡಾಡುವುದರಿಂದಲೂ ಪ್ರಯೋಜನವಿಲ್ಲ. ಯಾವ ಊತವನ್ನು ಮುಟ್ಟಬಾರದು, ಯಾವ ನೋವನ್ನು ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು ಎಂಬ ಹತ್ತು ಮಾತುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರು, ಆಶಾ ಕಾರ್ಯಕರ್ತೆಯರು ಅವರಿಗೆ ತಿಳಿಸಿಕೊಟ್ಟರೆ ಸಾಕು. ಉಳಿದದ್ದು ಅವರಿಗೆ ಗೊತ್ತಿದೆ: ಎಣ್ಣೆ ಬೆಚ್ಚಗಿರಬೇಕು, ಉಗುರು ಕತ್ತರಿಸಿರಬೇಕು, ಮೊದಲು ನೀವಿ ಆಮೇಲೆ ನಾದಬೇಕು, ನೊಂದವರು ‘ಅಮ್ಮಾ’ ಎಂದಲ್ಲಿ ಕೈ ಹಗುರಾಗಬೇಕು.